ರಕ್ತ ಹೇಳುವ ತಾಮ್ರದ ಲೆಕ್ಕ

ಮೊದಲು ಕೆಡುವುದು ಕೈಬರಹ. ಎಂಟನೇ ತರಗತಿಯವರೆಗೆ ದುಂಡಗೆ ಬರೆಯುತ್ತಿದ್ದ ಹುಡುಗನ ಅಕ್ಷರ ಒಂಬತ್ತಕ್ಕೆ ಬರುವಷ್ಟರಲ್ಲಿ ಸಣ್ಣದಾಗಿ, ಸೊಟ್ಟಗಾಗಿ, ಸಾಲು ಬಿಟ್ಟು ಇಳಿಯತೊಡಗುತ್ತದೆ. ಮಾಸ್ತರರು ಬೈಯುತ್ತಾರೆ. ಮನೆಯಲ್ಲಿ ಚಹಾದ ಕಪ್ಪು ಹಿಡಿದರೆ ಕೈ ನಡುಗಿ ತುಳುಕುತ್ತದೆ, ‘ನೆಟ್ಟಗ ಹಿಡೀಯಲೇ’ ಎಂದು ಅಪ್ಪ ರೇಗುತ್ತಾನೆ. ಮಾತು ತೊದಲುತ್ತದೆ. ಬಾಯಂಚಿನಲ್ಲಿ ಜೊಲ್ಲು ಇಳಿಯುತ್ತದೆ. ಕಾರಣವಿಲ್ಲದೆ ಸಿಟ್ಟು, ಕಾರಣವಿಲ್ಲದೆ ನಗು. ಎರಡು ವರ್ಷದ ಹಿಂದೆ ಇದೇ ಹುಡುಗನಿಗೆ ಕಾಮಣಿಯಾಗಿತ್ತು, ನಾಟಿ ಔಷಧ ಕೊಡಿಸಿದ ಮೇಲೆ ಕಣ್ಣಿನ ಹಳದಿ ಇಳಿದಿತ್ತು. ಆ ಕಾಮಣಿಯನ್ನೂ ಈ ನಡುಕವನ್ನೂ ಯಾರೂ ಕೂಡಿಸಿ ನೋಡುವುದಿಲ್ಲ. ಹುಲಿಗೆಮ್ಮನಿಗೆ ಹರಕೆ ಕಟ್ಟುತ್ತಾರೆ, ಗಾಳಿ ಸೋಕಿದೆ ಎಂದವರ ಮಾತು ಕೇಳಿ ಯಂತ್ರ ಕಟ್ಟಿಸುತ್ತಾರೆ, ಆಮೇಲೆ ಗಂಗಾವತಿ, ಹುಬ್ಬಳ್ಳಿ, ಬಳ್ಳಾರಿ ಎಂದು ದವಾಖಾನೆ ಸುತ್ತುತ್ತಾರೆ.

ಇವನು ಯಾವ ಊರಿನ ಯಾವ ಹುಡುಗನೂ ಅಲ್ಲ. ವಿಲ್ಸನ್ ಕಾಯಿಲೆಯ ಬಗ್ಗೆ ವೈದ್ಯರು ನೂರು ವರ್ಷಗಳಿಂದ ಬರೆದಿಟ್ಟ ಲಕ್ಷಣಗಳನ್ನು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಒಂದು ಮನೆಯೊಳಗೆ ಇಟ್ಟು ನೋಡಿದರೆ ಕಾಣುವ ಚಿತ್ರ ಇದು. ನರಕೋಶಗಳು ಕ್ಷೀಣಿಸುತ್ತ ಹೋಗುವ ಕಾಯಿಲೆಗಳ ದೊಡ್ಡ ಪಟ್ಟಿಯಲ್ಲಿ ಇದೂ ಒಂದು. ಆ ಪಟ್ಟಿಯಲ್ಲಿರುವ ಆಲ್‌ಝೈಮರ್, ಪಾರ್ಕಿನ್ಸನ್, ಮೋಟಾರ್ ನ್ಯೂರಾನ್ ಕಾಯಿಲೆಗಳನ್ನು ನಿಲ್ಲಿಸುವ ಔಷಧ ಇಂದಿಗೂ ಇಲ್ಲ. ವಿಲ್ಸನ್ ಕಾಯಿಲೆಗೆ ಇದೆ, ಅದೂ ಗುಳಿಗೆಯ ರೂಪದಲ್ಲಿ. ಅದನ್ನು ಹಿಡಿಯುವ ದಾರಿ ಒಂದು ಸಣ್ಣ ಟ್ಯೂಬು ರಕ್ತದಿಂದ ಶುರುವಾಗುತ್ತದೆ, ಆ ಪರೀಕ್ಷೆಗೆ ಖಾಸಗಿ ಲ್ಯಾಬುಗಳಲ್ಲಿ ಆಗುವ ಖರ್ಚು ಸಾವಿರ ರೂಪಾಯಿಯ ಆಚೀಚೆ. ಇಷ್ಟಿದ್ದೂ ಮಕ್ಕಳು ಹಾಸಿಗೆ ಹಿಡಿಯುತ್ತಾರೆ ಎಂಬ ಸಂಕಟವೇ ಈ ಬರಹಕ್ಕೆ ಕಾರಣ.

ಲಿವರಿನ ಎರಡು ಕೆಲಸ

ನಾವು ತಿನ್ನುವ ಜೋಳ, ಬೇಳೆ, ಶೇಂಗಾ, ಎಳ್ಳು ಎಲ್ಲದರಲ್ಲೂ ತಾಮ್ರ ಇರುತ್ತದೆ. ದಿನಕ್ಕೆ ಒಂದು ಮಿಲಿಗ್ರಾಂನಷ್ಟು ದೇಹಕ್ಕೆ ಬೇಕೇ ಬೇಕು. ಊಟದಲ್ಲಿ ಅದಕ್ಕಿಂತ ಹೆಚ್ಚೇ ಬರುತ್ತದೆ, ಹೆಚ್ಚಾದದ್ದನ್ನು ಲಿವರ್ ಪಿತ್ತರಸದ ಜೊತೆ ಹೊರಗೆ ಹಾಕುತ್ತದೆ. ಈ ಕೆಲಸ ಮಾಡುವುದು ಎಟಿಪಿ7ಬಿ ಎಂಬ ಪ್ರೋಟೀನು. ಅದರ ಜೀನ್ 13ನೇ ಕ್ರೋಮೋಸೋಮಿನಲ್ಲಿದೆ, ಪತ್ತೆಯಾದದ್ದು 1993ರಲ್ಲಿ. ಅಪ್ಪನಿಂದ ಬಂದ ಪ್ರತಿ, ಅವ್ವನಿಂದ ಬಂದ ಪ್ರತಿ ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಒಂದೇ ಕೆಟ್ಟಿದ್ದರೆ ಮನುಷ್ಯ ಆರೋಗ್ಯವಾಗಿರುತ್ತಾನೆ, ಕೆಟ್ಟ ಪ್ರತಿಯ ವಾಹಕನಾಗಿರುತ್ತಾನೆ, ಅದು ಅವನಿಗೆ ಗೊತ್ತೂ ಆಗುವುದಿಲ್ಲ.

ಎಟಿಪಿ7ಬಿಗೆ ಇನ್ನೊಂದು ಕೆಲಸವೂ ಇದೆ, ರಕ್ತ ಪರೀಕ್ಷೆಯ ಗುಟ್ಟು ಇರುವುದು ಅದರಲ್ಲಿ. ಲಿವರ್ ತಯಾರಿಸುವ ಸೆರುಲೋಪ್ಲಾಸ್ಮಿನ್ ಎಂಬ ನೀಲಿ ಬಣ್ಣದ ಪ್ರೋಟೀನಿಗೆ ತಾಮ್ರ ತುಂಬಿಸಿ ರಕ್ತಕ್ಕೆ ಕಳಿಸುವುದೂ ಇದೇ. ತಾಮ್ರ ಸಿಗದ ಸೆರುಲೋಪ್ಲಾಸ್ಮಿನ್ ರಕ್ತದಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ, ಬೇಗ ಒಡೆದುಹೋಗುತ್ತದೆ. ಹಾಗಾಗಿ ಎಟಿಪಿ7ಬಿ ಕೆಟ್ಟವರ ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಇಳಿಯುತ್ತದೆ. ಅದೇ ಹೊತ್ತಿಗೆ ಹೊರಹೋಗದ ತಾಮ್ರ ಲಿವರಿನಲ್ಲಿ ಕೂಡುತ್ತ, ಅಲ್ಲಿ ಜಾಗ ತುಂಬಿದ ಮೇಲೆ ಮೆದುಳಿಗೆ, ಕಣ್ಣಿಗೆ, ಮೂತ್ರಪಿಂಡಕ್ಕೆ ಹೊರಳುತ್ತದೆ.

1912ರಲ್ಲಿ ಲಂಡನ್ನಿನ ನರರೋಗ ತಜ್ಞ ಕಿನ್ನಿಯರ್ ವಿಲ್ಸನ್ ಈ ಕಾಯಿಲೆಯನ್ನು ವಿವರಿಸಿ ಬರೆದಾಗ ತಾಮ್ರದ ಸುಳಿವು ಅವರಿಗೆ ಇರಲಿಲ್ಲ. ಒಂದೇ ಮನೆಯ ಮಕ್ಕಳಲ್ಲಿ ಬರುತ್ತದೆ, ಮೆದುಳಿನ ಒಳಗಂಟುಗಳನ್ನು ಕೆಡಿಸುತ್ತದೆ, ಲಿವರ್ ಗಟ್ಟಿಯಾಗಿರುತ್ತದೆ, ಕೊನೆಗೆ ಸಾವು. ಅವರು ಹೇಳಲಾದದ್ದು ಇಷ್ಟು. 1948ರಲ್ಲಿ ಕಮಿಂಗ್ಸ್ ಎಂಬ ವೈದ್ಯ ಸತ್ತವರ ಮೆದುಳು, ಲಿವರುಗಳಲ್ಲಿ ತಾಮ್ರ ಅಳೆದು ಅದು ವಿಪರೀತವಾಗಿರುವುದನ್ನು ತೋರಿಸಿದರು. ಅದೇ ವರ್ಷ ಸ್ವೀಡನ್ನಿನ ಹೋಮ್‌ಬರ್ಗ್ ಮತ್ತು ಲಾರೆಲ್ ಸೆರುಲೋಪ್ಲಾಸ್ಮಿನ್ ಅನ್ನು ಬೇರ್ಪಡಿಸಿದ್ದರು. ಈ ರೋಗಿಗಳ ರಕ್ತದಲ್ಲಿ ಅದು ತೀರ ಕಡಿಮೆ ಎಂದು ಶೈನ್‌ಬರ್ಗ್ ಮತ್ತು ಗಿಟ್ಲಿನ್ 1952ರಲ್ಲಿ ಕಂಡುಕೊಂಡರು. ನರಕೋಶ ಸಾಯುವ ಒಂದು ಕಾಯಿಲೆಗೆ ರಕ್ತದಲ್ಲೇ ಗುರುತು ಸಿಕ್ಕಿ ಎಪ್ಪತ್ತು ವರ್ಷ ದಾಟಿತು.

ವರದಿಯ ಚೀಟಿ ಓದುವ ಬಗೆ

ಮೊದಲು ಕಂಡ ಆ ಹುಡುಗನ ಹೆಸರಿನಲ್ಲಿ ಲ್ಯಾಬಿನಿಂದ ಬರುವ ಚೀಟಿಯಲ್ಲಿ ಎರಡು ಸಾಲು ಇರುತ್ತವೆ ಎಂದಿಟ್ಟುಕೊಳ್ಳೋಣ. ಸೆರುಲೋಪ್ಲಾಸ್ಮಿನ್ 10. ಸೀರಂ ಕಾಪರ್ 60. ಸೆರುಲೋಪ್ಲಾಸ್ಮಿನ್ ಒಂದು ಡೆಸಿಲೀಟರ್ ರಕ್ತಸಾರದಲ್ಲಿ ಸಾಮಾನ್ಯವಾಗಿ 20ರಿಂದ 40 ಮಿಲಿಗ್ರಾಂ ಇರಬೇಕು, ತಾಮ್ರ ಸುಮಾರು 70ರಿಂದ 140 ಮೈಕ್ರೋಗ್ರಾಂ. ಈ ಹುಡುಗನಿಗೆ ಎರಡೂ ಕಡಿಮೆ. ತಾಮ್ರದ ಎದುರು ‘ಕಡಿಮೆ’ ಎಂಬ ಗುರುತು ಕಂಡ ಯಾರಾದರೂ ‘ಮೈಯಾಗ ತಾಮ್ರ ಕಡಿಮಿ ಐತಿ, ತಾಮ್ರದ ತಂಬಗಿ ನೀರು ಕುಡಿಸ್ರಿ’ ಎಂದು ಸಲಹೆ ಕೊಟ್ಟರೆ ಅಲ್ಲಿಗೆ ಕೆಟ್ಟಿತು.

ಲೆಕ್ಕ ಮಾಡಿ ನೋಡಬೇಕು. ರಕ್ತದಲ್ಲಿರುವ ತಾಮ್ರದ ಬಹುಪಾಲು ಸೆರುಲೋಪ್ಲಾಸ್ಮಿನ್ ಒಳಗೆ ಭದ್ರವಾಗಿ ಕೂತಿರುತ್ತದೆ. ಪ್ರತಿ ಮಿಲಿಗ್ರಾಂ ಸೆರುಲೋಪ್ಲಾಸ್ಮಿನ್ ಸುಮಾರು 3 ಮೈಕ್ರೋಗ್ರಾಂ ತಾಮ್ರವನ್ನು ಹಿಡಿದಿರುತ್ತದೆ. ಆರೋಗ್ಯವಂತನಿಗೆ ಸೆರುಲೋಪ್ಲಾಸ್ಮಿನ್ 30, ತಾಮ್ರ 100 ಇದ್ದರೆ, 90 ಮೈಕ್ರೋಗ್ರಾಂ ಕಟ್ಟಿನೊಳಗೆ, ಬಿಡಿಯಾಗಿ ಉಳಿದದ್ದು 10. ನಮ್ಮ ಹುಡುಗನ ಲೆಕ್ಕದಲ್ಲಿ ಕಟ್ಟಿನೊಳಗೆ 30, ಬಿಡಿ ತಾಮ್ರ 30. ಒಟ್ಟು ಕಡಿಮೆಯಾಗಿದ್ದರೂ ಅಂಗಾಂಗಗಳಿಗೆ ಹೊಕ್ಕು ಹಾಳುಮಾಡುವ ಬಿಡಿ ತಾಮ್ರ ಮೂರು ಪಟ್ಟು ಹೆಚ್ಚಾಗಿದೆ. ಈ ಅಂಕಿ 25 ದಾಟಿದರೆ ವೈದ್ಯರು ಅನುಮಾನಪಡುತ್ತಾರೆ. ಈ ಕೂಡು-ಕಳೆ ಪಕ್ಕಾ ಅಲ್ಲ, ಸೆರುಲೋಪ್ಲಾಸ್ಮಿನ್ ಅಳೆಯುವ ವಿಧಾನ ಬದಲಾದರೆ ಉತ್ತರವೂ ಅಡ್ಡಾದಿಡ್ಡಿಯಾಗುತ್ತದೆ. ಆದರೂ ಮೈಯಲ್ಲಿ ತಾಮ್ರ ತುಂಬಿ ತುಳುಕುವಾಗ ವರದಿಯಲ್ಲಿ ಯಾಕೆ ‘ಕಡಿಮೆ’ ಎಂದು ಬರುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಬೇರೆ ಯಾವುದೂ ತೋರಿಸಲಾರದು.

ಸೆರುಲೋಪ್ಲಾಸ್ಮಿನ್ ಒಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಜ್ವರ, ಸೋಂಕು, ಉರಿಯೂತ ಇದ್ದಾಗ, ಬಸುರಿನಲ್ಲಿ, ಗರ್ಭನಿರೋಧಕ ಗುಳಿಗೆ ನುಂಗುವವರಲ್ಲಿ ಅದು ಏರುತ್ತದೆ. ಕಾಯಿಲೆ ಇದ್ದರೂ ಆಗ ವರದಿ ಸರಿಯಾಗಿದೆ ಎಂದು ತೋರಬಹುದು. ಅಪೌಷ್ಟಿಕತೆ ಇರುವ ಮಕ್ಕಳಲ್ಲಿ, ಮೂತ್ರದಲ್ಲಿ ಪ್ರೋಟೀನ್ ಸೋರುವವರಲ್ಲಿ ಅದು ಇಳಿಯುತ್ತದೆ. ಕಾಯಿಲೆ ಇಲ್ಲದಿದ್ದರೂ ಆಗ ಗಾಬರಿ ಹುಟ್ಟಬಹುದು. ಎಳೆಗೂಸುಗಳಲ್ಲಂತೂ ಅದು ಸಹಜವಾಗಿಯೇ ಕಡಿಮೆ. ಅಪೌಷ್ಟಿಕತೆ ಮನೆಮಾತಾಗಿರುವ ಕಲ್ಯಾಣ ಕರ್ನಾಟಕದಲ್ಲಿ ಈ ಎಚ್ಚರಿಕೆ ದಪ್ಪಕ್ಷರದಲ್ಲಿ ಇರಬೇಕು. ಹತ್ತಕ್ಕಿಂತ ಕೆಳಗಿದ್ದರೆ ಬಲವಾದ ಅನುಮಾನ. ಹತ್ತರಿಂದ ಇಪ್ಪತ್ತರ ನಡುವೆ ಇದ್ದರೆ ಇನ್ನೆರಡು ಸಾಕ್ಷಿ ಬೇಕು.

ಒಂದು ಸಾಕ್ಷಿ ಕಣ್ಣಿನಲ್ಲಿ ಸಿಗುತ್ತದೆ. ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ ತಾಮ್ರ ಕೂತು ಕಂದು-ಹಸಿರು ಉಂಗುರ ಮೂಡುತ್ತದೆ. 1902ರಲ್ಲಿ ಕೈಸರ್, 1903ರಲ್ಲಿ ಫ್ಲೈಶರ್ ಇದನ್ನು ಕಂಡದ್ದರಿಂದ ಇಬ್ಬರ ಹೆಸರೂ ಅದಕ್ಕಿದೆ. ಮೊದಲು ಮೇಲಂಚಿನಲ್ಲಿ, ಆಮೇಲೆ ಕೆಳಂಚಿನಲ್ಲಿ, ಕೊನೆಗೆ ಸುತ್ತಲೂ. ನೀಲಿ ಕಣ್ಣಿನವರಲ್ಲಿ ಟಾರ್ಚ್ ಹಿಡಿದರೂ ಎದ್ದು ಕಾಣುವ ಈ ಉಂಗುರ ನಮ್ಮ ಜನರ ಗಾಢ ಕಂದು ಕಣ್ಣುಗಳಲ್ಲಿ ಅಡಗಿಬಿಡುತ್ತದೆ. ಹಾಗಾಗಿ ಬರಿಗಣ್ಣಿನ ನೋಟಕ್ಕೆ ಬೆಲೆಯಿಲ್ಲ, ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಮುಂದೆ ಗದ್ದ ಊರಿಸಿ ಕೂರಿಸಿ ನೋಡಬೇಕು. ಆ ಯಂತ್ರ ಜಿಲ್ಲಾ ಕೇಂದ್ರದ ಕಣ್ಣಿನ ವಿಭಾಗಗಳಲ್ಲಿ, ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ಇರುತ್ತದೆ. ಐದು ನಿಮಿಷದ ಕೆಲಸ. ಕೈ ನಡುಗುವ ಹುಡುಗನನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸುವ ಯೋಚನೆ ಯಾರಿಗಾದರೂ ಬರಬೇಕು, ಅಷ್ಟೇ.

ಇನ್ನೊಂದು ಸಾಕ್ಷಿ 24 ತಾಸಿನ ಮೂತ್ರ. ಹೇಳಲು ಸುಲಭ, ಹಳ್ಳಿಯ ಮನೆಯಲ್ಲಿ ಮಾಡುವುದು ಕಷ್ಟ. ಮುಂಜಾನೆ ಎದ್ದ ಮೊದಲ ಮೂತ್ರ ಬಿಟ್ಟು, ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ ಪ್ರತಿ ಹನಿಯನ್ನೂ ಲ್ಯಾಬ್ ಕೊಟ್ಟ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿಯಬೇಕು. ಲೋಹದ ಡಬ್ಬಿ, ಚೊಂಬು ಮುಟ್ಟಿಸುವಂತಿಲ್ಲ, ಅದರ ತಾಮ್ರ ಬೆರೆತರೆ ಲೆಕ್ಕ ತಪ್ಪುತ್ತದೆ. ಆ ದಿನ ಹುಡುಗ ಶಾಲೆಗೆ ಹೋದರೆ ಅರ್ಧ ಅಲ್ಲೇ ಹೋಯಿತು, ಹೊಲಕ್ಕೆ ಹೋದರೂ ಅಷ್ಟೇ. ಆದ್ದರಿಂದ ರಜಾ ದಿನ ಆರಿಸಿ, ಮನೆಯವರನ್ನು ಕೂಡಿಸಿ ವಿವರಿಸಿ ಕ್ಯಾನ್ ಕೊಡುವ ನರ್ಸಮ್ಮನ ತಾಳ್ಮೆಯ ಮೇಲೆ ಈ ಪರೀಕ್ಷೆಯ ಫಲ ನಿಂತಿದೆ. ದಿನಕ್ಕೆ 100 ಮೈಕ್ರೋಗ್ರಾಂ ದಾಟಿ ತಾಮ್ರ ಹೋಗುತ್ತಿದ್ದರೆ ಅದು ಕಾಯಿಲೆಗೆ ಬಲವಾದ ಸಾಕ್ಷಿ. ಮಕ್ಕಳಲ್ಲಿ 40 ದಾಟಿದರೂ ವೈದ್ಯರು ಬಿಡುವುದಿಲ್ಲ. ಇವೆಲ್ಲಕ್ಕೂ ಅಂಕ ಕೊಟ್ಟು ಕೂಡಿಸಿ ತೀರ್ಮಾನಿಸುವ ಪದ್ಧತಿಯೊಂದನ್ನು 2001ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೇರಿದ ತಜ್ಞರು ರೂಪಿಸಿದರು, ಇಂದು ಬಳಕೆಯಲ್ಲಿರುವುದು ಅದೇ.

ನಿಮ್ಹಾನ್ಸ್ ಹೇಳಿದ ಸತ್ಯ

ಈ ಕಾಯಿಲೆಯ ಬಗ್ಗೆ ಜಗತ್ತಿನಲ್ಲೇ ದೊಡ್ಡ ಅನುಭವ ಇರುವ ಜಾಗಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು. ಡಾ. ಎ.ಬಿ. ತಾಳಿ ಮತ್ತು ಸಂಗಡಿಗರು ಮೂರು ದಶಕಗಳಲ್ಲಿ ಅಲ್ಲಿಗೆ ಬಂದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಕಾಯಿಲೆ ಶುರುವಾದ ಸರಾಸರಿ ವಯಸ್ಸು ಸುಮಾರು 16. ಹತ್ತರಲ್ಲಿ ಏಳು ಜನರಲ್ಲಿ ನರದ ಲಕ್ಷಣಗಳೇ ಮುಂದಾಗಿದ್ದವು. ನರರೋಗದ ಆಸ್ಪತ್ರೆಯಾದ್ದರಿಂದ ಇದು ಸಹಜ. ಶೇ 90ಕ್ಕೂ ಹೆಚ್ಚು ಮಂದಿಯಲ್ಲಿ ಸೆರುಲೋಪ್ಲಾಸ್ಮಿನ್ ಕಡಿಮೆ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿಯ ತಂದೆತಾಯಿ ರಕ್ತಸಂಬಂಧದಲ್ಲಿ ಮದುವೆಯಾದವರು. ಔಷಧ ಹಿಡಿದು ತಪಾಸಣೆಗೆ ಬರುತ್ತಿದ್ದವರಲ್ಲಿ ಬಹುಪಾಲು ಜನ ಸುಧಾರಿಸಿದ್ದರು.

ಅದಕ್ಕೂ ಮೊದಲು, 2004ರಲ್ಲಿ, ಅದೇ ತಂಡ ಪ್ರಕಟಿಸಿದ ಇನ್ನೊಂದು ಲೇಖನ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 307 ರೋಗಿಗಳು ನಿಮ್ಹಾನ್ಸ್ ಬಾಗಿಲಿಗೆ ಬರುವ ಮೊದಲು ಏನೇನಾಯಿತು ಎಂದು ಅದು ಹಿಂದಿರುಗಿ ನೋಡಿತು. ಸುಮಾರು ಶೇ 62 ಮಂದಿಗೆ ಅವರನ್ನು ಮೊದಲು ನೋಡಿದ ವೈದ್ಯರು ಬೇರೆ ಯಾವುದೋ ಕಾಯಿಲೆಯ ಹೆಸರು ಹೇಳಿದ್ದರು. ಸ್ಕಿಜೋಫ್ರೇನಿಯಾ, ಸಂಧಿವಾತ, ಮೂತ್ರಪಿಂಡದ ಕಾಯಿಲೆ, ಸ್ನಾಯು ದೌರ್ಬಲ್ಯ, ದಡಾರದ ನಂತರ ಬರುವ ಮೆದುಳಿನ ಉರಿಯೂತ, ಹೀಗೆ. ಸರಿಯಾದ ಹೆಸರು ಸಿಗಲು ಹಿಡಿದ ಸರಾಸರಿ ಕಾಲ ಎರಡು ವರ್ಷ. ಮೂವತ್ತು ವರ್ಷ ಅಲೆದವರೂ ಇದ್ದರು. ಅಪರೂಪದ ಕಾಯಿಲೆ, ದಿನಕ್ಕೆ ನೂರು ರೋಗಿ ನೋಡುವ ತಾಲ್ಲೂಕು ಡಾಕ್ಟರಿಗೆ ಹೊಳೆಯದಿರುವುದು ಅಪರಾಧವೇನಲ್ಲ. ಆದರೆ ಮೆದುಳಿನಲ್ಲಿ ತಾಮ್ರ ಕೂಡುವ ಆ ಎರಡು ವರ್ಷಗಳಲ್ಲಿ ಹೋದದ್ದು ಪೂರ್ತಿ ಮರಳಿ ಬರುವುದಿಲ್ಲ.

ಕೊಪ್ಪಳ ಜಿಲ್ಲೆಯಲ್ಲಿ ಹೆಸರು ತಪ್ಪಲು ಇನ್ನೊಂದು ದಾರಿಯಿದೆ. ಕೆಲವು ವಿಲ್ಸನ್ ರೋಗಿಗಳಲ್ಲಿ ನಡುಕ, ತೊದಲಿಗಿಂತ ಮೊದಲು ಮೂಳೆ-ಸ್ನಾಯು ತೊಂದರೆ ಬರುತ್ತದೆ. ಮಂಡಿ ಒಳಗೆ ಬಾಗುವುದು, ಕೀಲು ನೋವು, ನಡಿಗೆಯಲ್ಲಿ ಓಲಾಟ. ನಿಮ್ಹಾನ್ಸ್ ಸರಣಿಯಲ್ಲೂ ಇಂಥವರಿದ್ದರು. ಕುಷ್ಟಗಿ, ಯಲಬುರ್ಗಾ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ದಾಟಿರುವ ಊರುಗಳು ಬಹಳ. ಹಲ್ಲು ಕಂದಾದ, ಕಾಲು ಸೊಟ್ಟಗಾದ ಮಕ್ಕಳನ್ನು ಅಲ್ಲಿನ ಜನ ನೋಡಿಬಿಟ್ಟಿದ್ದಾರೆ. ಮಂಡಿ ಬಾಗಿದ ಇನ್ನೊಂದು ಮಗು ಬಂದರೆ ‘ಬೋರಿನ ನೀರು’ ಎಂದು ಹೇಳಿ ಮುಗಿಸುವುದು ಸುಲಭ. ನೀರಿನ ದೋಷವೂ ನಿಜ. ಆದರೆ ಮಂಡಿ ಬಾಗುವುದರ ಜೊತೆ ಕೈ ನಡುಕವೋ, ಹಿಂದೆಂದೋ ಆದ ಕಾಮಣಿಯೋ, ಓದಿನಲ್ಲಿ ಹಿಂದೆ ಬಿದ್ದದ್ದೋ ಸೇರಿದ್ದರೆ ಬಾವಿಯ ನೀರಿನ ಜೊತೆ ಮಗುವಿನ ರಕ್ತವನ್ನೂ ಪರೀಕ್ಷೆಗೆ ಕಳಿಸಬೇಕು.

ಕಳ್ಳುಬಳ್ಳಿಯ ಗಣಿತ

ಜಗತ್ತಿನಲ್ಲಿ ಸುಮಾರು 30,000 ಜನರಿಗೆ ಒಬ್ಬರಂತೆ ಈ ಕಾಯಿಲೆ ಎಂಬುದು ಹಳೆಯ ಅಂದಾಜು. ಹೊಸ ಜೀನ್ ಅಧ್ಯಯನಗಳು ಇನ್ನೂ ಹೆಚ್ಚಿರಬಹುದು ಎನ್ನುತ್ತವೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13.9 ಲಕ್ಷ. ಹಳೆಯ ಅಂದಾಜಿನಲ್ಲೇ ಭಾಗಿಸಿದರೂ 46 ಜನ. ಆದರೆ ಆ ಅಂದಾಜು ಸಂಬಂಧದೊಳಗಿನ ಮದುವೆ ಕಡಿಮೆ ಇರುವ ಸಮಾಜಗಳದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದಕ್ಕೂ ಹೆಚ್ಚು ರಕ್ತಸಂಬಂಧದೊಳಗಿನದು. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮ ಕಡೆ ಹೊಲ ಒಡೆಯದಿರಲೆಂದು, ಮಗಳು ಕಣ್ಣ ಮುಂದಿರಲೆಂದು ನಡೆದುಬಂದ ರೂಢಿ.

ಇದರ ಗಣಿತ ಹೀಗಿದೆ. 30,000ಕ್ಕೆ ಒಬ್ಬರು ಎಂದಾದರೆ ಸುಮಾರು 90 ಜನರಲ್ಲಿ ಒಬ್ಬರು ವಾಹಕರು. ಸಂಬಂಧವಿಲ್ಲದ ಇಬ್ಬರು ಮದುವೆಯಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 30,000ದಲ್ಲಿ ಒಂದು. ಸೋದರಮಾವ-ಸೊಸೆ ಮದುವೆಯಾದರೆ ಅದು ಸುಮಾರು 1,300ರಲ್ಲಿ ಒಂದಕ್ಕೆ ಬರುತ್ತದೆ. ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಸುಮಾರು 2,500ರಲ್ಲಿ ಒಂದು. ಮೊದಲನೆಯದು ಇಪ್ಪತ್ತು ಪಟ್ಟಿಗಿಂತ ಹೆಚ್ಚು, ಎರಡನೆಯದು ಹತ್ತು ಪಟ್ಟಿಗಿಂತ ಹೆಚ್ಚು. ಇದೇ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಸೋದರಮಾವನನ್ನು ಮದುವೆಯಾದ 1,300 ತಾಯಂದಿರ ಮಕ್ಕಳಲ್ಲಿ 1,299 ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ. ಮಗು ಹಾಸಿಗೆ ಹಿಡಿದಾಗ ‘ಮಾವಗ ಕೊಟ್ರಿ, ಅದಕ್ಕ ಹಿಂಗಾತು’ ಎಂದು ಆ ತಾಯಿಯನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ಅವಳನ್ನು ಕೇಳಿ ಯಾರೂ ಕೊಟ್ಟಿರಲಿಲ್ಲ.

ದೊಡ್ಡ ಸುದ್ದಿ, ಸಣ್ಣ ಪರೀಕ್ಷೆ

ಮೆದುಳಿನ ಕಾಯಿಲೆಗಳನ್ನು ರಕ್ತದಲ್ಲಿ ಹಿಡಿಯುವ ಕೆಲಸ ಈಗ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಿರುಸಾಗಿ ನಡೆದಿದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಕೂಡುವ ಅಮಿಲಾಯ್ಡ್ ಕಸವನ್ನು ಪಿ-ಟೌ 217 ಎಂಬ ರಕ್ತದ ಗುರುತಿನಿಂದ ಊಹಿಸುವ ಪರೀಕ್ಷೆಗೆ ಅಮೆರಿಕದ ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಸ್ವೀಡನ್ನಿನ ಸಂಶೋಧಕರು 2024ರಲ್ಲಿ ಸುಮಾರು 1,200 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಇಂಥ ರಕ್ತ ಪರೀಕ್ಷೆ ನೂರಕ್ಕೆ 91 ಸಲ ಸರಿ ಹೇಳಿತು. ಸಾಮಾನ್ಯ ವೈದ್ಯರ ಊಹೆ ಸರಿಯಾದದ್ದು ನೂರಕ್ಕೆ 61 ಸಲ ಮಾತ್ರ. ನಮ್ಮಲ್ಲೂ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ರಕ್ತ, ಮೆದುಳಿನ ಚಿತ್ರಗಳನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಡಾ. ಕೆ.ಎಸ್. ಜಗನ್ನಾಥ ರಾವ್ ಅವರ ತಂಡ ಇಪ್ಪತ್ತು ವರ್ಷದ ಹಿಂದೆಯೇ ಪಾರ್ಕಿನ್ಸನ್ ರೋಗಿಗಳ ರಕ್ತಸಾರದಲ್ಲಿ ತಾಮ್ರ, ಕಬ್ಬಿಣ, ಸತುವಿನಂಥ ಧಾತುಗಳ ಏರಿಳಿತ ಅಳೆದಿತ್ತು. ಇವೆಲ್ಲ ಬೇಕಾದ ಕೆಲಸಗಳೇ.

ಆದರೆ ಪಿ-ಟೌ ಹೆಚ್ಚಿದೆ ಎಂದು ಗೊತ್ತಾದ ಮೇಲೆ ಕುಷ್ಟಗಿಯ ಅಜ್ಜನಿಗೆ ಕೊಡಲು ಇಂದು ನಮ್ಮ ಹತ್ತಿರ ಇರುವುದು ತೀರ ಸ್ವಲ್ಪ. ಕಿಡ್ನಿ ಕೆಟ್ಟವರಲ್ಲಿ ಆ ಗುರುತು ತಾನಾಗಿಯೇ ಏರುತ್ತದೆ, ಹಾಗಾಗಿ ತಪ್ಪು ದಾರಿಗೂ ಎಳೆಯಬಹುದು. ಅದೇ ಅಜ್ಜನ ಮರೆವಿಗೆ ಬಿ12 ಕೊರತೆಯೋ, ಥೈರಾಯ್ಡ್ ತೊಂದರೆಯೋ, ಸೋಡಿಯಂ ಇಳಿದದ್ದೋ ಕಾರಣವಾಗಿದ್ದರೆ ಮಾಮೂಲಿ ರಕ್ತ ಪರೀಕ್ಷೆಯಲ್ಲೇ ಸಿಗುತ್ತದೆ, ಔಷಧವೂ ಇದೆ. ಮೊಮ್ಮಗನ ಕೈ ನಡುಕಕ್ಕೆ ವಿಲ್ಸನ್ ಕಾರಣವಾಗಿದ್ದರೆ ಸೆರುಲೋಪ್ಲಾಸ್ಮಿನ್‌ನಲ್ಲಿ ಸಿಗುತ್ತದೆ, ಔಷಧವೂ ಇದೆ. ಗುರುತು ಹಿಡಿದ ಮರುದಿನ ಕೈಗೆ ಗುಳಿಗೆ ಕೊಡಬಲ್ಲ ಪರೀಕ್ಷೆಗಳು ತಾಲ್ಲೂಕಿಗೆ ಮೊದಲು ಬರಬೇಕು, ಪತ್ರಿಕೆಯ ಮುಖಪುಟ ಸೇರುವ ಪರೀಕ್ಷೆಗಳು ಆಮೇಲೆ ಬರಲಿ. ಇದು ನನ್ನ ಗಟ್ಟಿ ನಂಬಿಕೆ.

ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮ ‘ಕಭಿ’ ಮೊದಲು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣದಲ್ಲಿ ನಡೆದು ಆಮೇಲೆ ಜಿಲ್ಲಾ ಆಸ್ಪತ್ರೆಗಳತ್ತ ಚಾಚಿದೆ. ಶಾಲೆ, ಅಂಗನವಾಡಿಗಳಿಗೆ ಹೋಗಿ ಮಕ್ಕಳನ್ನು ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡಗಳು 2013ರಿಂದ ಇವೆ. ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜು ಇದೆ. ಹೊಸ ಕಟ್ಟಡ, ಹೊಸ ಯೋಜನೆ ಯಾವುದೂ ಬೇಡ. ಬಾಲ ಸ್ವಾಸ್ಥ್ಯ ತಂಡದ ಪಟ್ಟಿಯಲ್ಲಿ ಎರಡು ಪ್ರಶ್ನೆ ಸೇರಿದರೆ ಸಾಕು: ಈ ವರ್ಷ ಯಾರ ಕೈಬರಹ, ಮಾತು ಏಕಾಏಕಿ ಕೆಟ್ಟಿದೆ? ಯಾರಿಗೆ ಕಾಮಣಿ ಎರಡು ಸಲ ಬಂದಿದೆ? ಉತ್ತರ ಗೊತ್ತಿರುವುದು ಮಾಸ್ತರರಿಗೆ, ಅಕ್ಕೋರಿಗೆ. ಅಂಥ ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ, ಒಂದೇ ದಿನ ಸ್ಲಿಟ್ ಲ್ಯಾಂಪ್ ಮತ್ತು ರಕ್ತ ಎರಡೂ ಮುಗಿಸಿ, ಅನುಮಾನವಿದ್ದವರಿಗೆ ಮಾತ್ರ ಬೆಂಗಳೂರಿನ ದಾರಿ ತೋರಿಸಬಹುದು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಹೋಗುವ ಬಡವರ ಪ್ರಯಾಣ ಆಗ ಊಹೆಯ ಮೇಲೆ ನಡೆಯುವುದಿಲ್ಲ, ಕೈಯಲ್ಲಿ ವರದಿ ಹಿಡಿದು ನಡೆಯುತ್ತದೆ.

ಗುಳಿಗೆ ಬಿಡುವಂತಿಲ್ಲ

1956ರಲ್ಲಿ ಜಾನ್ ವಾಲ್ಶ್ ಎಂಬ ಇಂಗ್ಲೆಂಡಿನ ವೈದ್ಯ ಪೆನಿಸಿಲಮೈನ್ ಎಂಬ ಗುಳಿಗೆ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ತರುತ್ತದೆ ಎಂದು ತೋರಿಸಿದರು. ರೋಗಿಗೆ ಕೊಡುವ ಮೊದಲು ತಾವೇ ನುಂಗಿ ನೋಡಿದ್ದರು. ಸತುವಿನ ಗುಳಿಗೆ ಇನ್ನೊಂದು ದಾರಿ ಹಿಡಿಯುತ್ತದೆ, ಕರುಳಿನಲ್ಲೇ ತಾಮ್ರವನ್ನು ತಡೆದು ನಿಲ್ಲಿಸುತ್ತದೆ. ಇದು ಅಗ್ಗ. ಪೆನಿಸಿಲಮೈನ್‌ನಿಂದ ಸ್ಥಿರವಾದ ರೋಗಿಗಳನ್ನು ಬರೀ ಸತುವಿನ ಮೇಲೆ ಮುಂದುವರಿಸುವುದು ಸುರಕ್ಷಿತವೂ ಕೈಗೆಟುಕುವುದೂ ಆಗಿದೆ ಎಂದು ನಿಮ್ಹಾನ್ಸ್ ವೈದ್ಯರು 2008ರಲ್ಲಿ ಬರೆದರು. ಎರಡನ್ನೂ ಹೊಟ್ಟೆ ಖಾಲಿ ಇದ್ದಾಗ ನುಂಗಬೇಕು. ಪೆನಿಸಿಲಮೈನ್ ಶುರುಮಾಡಿದ ಮೊದಲ ವಾರಗಳಲ್ಲಿ ಕೆಲವರ ನಡುಕ, ಬಿಗಿತ ಹೆಚ್ಚಾಗುವುದುಂಟು. ಅದನ್ನು ಮೊದಲೇ ತಿಳಿಸದಿದ್ದರೆ ‘ಗುಳಿಗಿ ತಗೊಂಡ ಮ್ಯಾಲ ಜಾಸ್ತಿ ಆತು’ ಎಂದು ಮನೆಯವರು ನಿಲ್ಲಿಸಿಬಿಡುತ್ತಾರೆ.

ನಿಲ್ಲಿಸುವುದೇ ಈ ಕಾಯಿಲೆಯಲ್ಲಿ ದೊಡ್ಡ ಅಪಾಯ. ಚೆನ್ನಾಗಿದ್ದೇವೆಂದು ಔಷಧ ಬಿಟ್ಟ 11 ರೋಗಿಗಳ ಕಥೆಯನ್ನು ವಾಲ್ಶ್ 1986ರಲ್ಲಿ ಬರೆದರು. ಅವರಲ್ಲಿ ಎಂಟು ಜನ ಸರಾಸರಿ ಸುಮಾರು ಎರಡೂವರೆ ವರ್ಷದಲ್ಲಿ ತೀರಿಕೊಂಡರು. ಊಟದಲ್ಲಿ ಪಥ್ಯವೂ ಇದೆ, ಮೊದಲ ವರ್ಷ ಅದು ಬಿಗಿ. ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಇಲ್ಲದ ಎಳ್ಳಮಾಸಿಯನ್ನು ಕೊಪ್ಪಳದ ಮಗುವಿಗೆ ಹೇಳುವುದು ಕಷ್ಟ. ತಾಮ್ರದ ಕೊಡದ ನೀರು, ಕಲಾಯಿ ಹೋದ ಹಿತ್ತಾಳೆ ಪಾತ್ರೆಯ ಅಡುಗೆ ಪೂರ್ತಿ ಬಿಡಬೇಕು. ಆದರೆ ಪಥ್ಯ ಎಷ್ಟೇ ಬಿಗಿಯಾದರೂ ಅದು ಗುಳಿಗೆಯ ಬದಲಿಗೆ ನಿಲ್ಲಲಾರದು.

ಇನ್ನು ಆ ಮನೆಯ ಉಳಿದ ಮಕ್ಕಳು. ಅಣ್ಣನಿಗೆ ಕಾಯಿಲೆ ಖಚಿತವಾದರೆ ತಂಗಿಗೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅವಳು ಎಷ್ಟೇ ಚುರುಕಾಗಿ ಓಡಾಡುತ್ತಿರಲಿ. ಅಣ್ಣನ ವರದಿ ಬಂದ ವಾರವೇ ಅವಳ ಸೆರುಲೋಪ್ಲಾಸ್ಮಿನ್, ಮೂತ್ರ, ಕಣ್ಣು ನೋಡಬೇಕು. ಲಕ್ಷಣ ಬರುವ ಮೊದಲೇ ಸಿಕ್ಕರೆ ಕೈ ನಡುಗದೆ, ಮಾತು ತೊದಲದೆ ಅವಳು ಪೂರ್ತಿ ಬಾಳು ಬಾಳಬಲ್ಲಳು. ನಿಮ್ಹಾನ್ಸ್‌ನ 282 ರೋಗಿಗಳಲ್ಲಿ ಗಂಡುಮಕ್ಕಳ ಸಂಖ್ಯೆ ಹೆಣ್ಣುಮಕ್ಕಳ ಎರಡು ಪಟ್ಟಿಗಿಂತ ಹೆಚ್ಚು. ಈ ಜೀನ್ ಗಂಡು-ಹೆಣ್ಣಿನ ಭೇದ ಮಾಡುವ ಕ್ರೋಮೋಸೋಮಿನಲ್ಲಿಲ್ಲ, ಕಾಯಿಲೆ ಇಬ್ಬರಿಗೂ ಸಮವಾಗಿ ಬರಬೇಕು. ಹಾಗಾದರೆ ಬಾರದ ಹೆಣ್ಣುಮಕ್ಕಳು ಎಲ್ಲಿದ್ದಾರೆ? ಬಹಳಷ್ಟು ಜನ ಮನೆಯಲ್ಲೇ ಉಳಿದರು ಎಂದೇ ನಾನು ಓದುತ್ತೇನೆ.

ಕಾಯಿಲೆ ಇರುವ ಹೆಣ್ಣುಮಗಳು ಗುಳಿಗೆ ನುಂಗುತ್ತ ಮದುವೆಯಾಗಬಹುದು, ಮಕ್ಕಳನ್ನು ಹೆರಬಹುದು. ಬಸುರಿನಲ್ಲಿ ವೈದ್ಯರು ಪ್ರಮಾಣ ಇಳಿಸುತ್ತಾರೆಯೇ ಹೊರತು ಔಷಧ ನಿಲ್ಲಿಸುವುದಿಲ್ಲ. ಅವಳು ಸಂಬಂಧವಿಲ್ಲದವನನ್ನು ಮದುವೆಯಾದರೆ ಪ್ರತಿ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಸುಮಾರು 180ರಲ್ಲಿ ಒಂದು. ಸೋದರಮಾವನನ್ನು ಮದುವೆಯಾದರೆ ಕನಿಷ್ಠ ನಾಲ್ಕರಲ್ಲಿ ಒಂದು, ಏಕೆಂದರೆ ವಾಹಕಳೆಂದು ಖಚಿತವಾಗಿರುವ ತಾಯಿಯ ಒಡಹುಟ್ಟಿದವನೂ ವಾಹಕನಾಗಿರುವ ಸಾಧ್ಯತೆ ಅರ್ಧಕ್ಕರ್ಧ. ಮನೆಯಲ್ಲಿ ಕೆಟ್ಟ ಪ್ರತಿ ಯಾವುದೆಂದು ಒಮ್ಮೆ ಜೀನ್ ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ, ಮಾವನ ಒಂದು ಟ್ಯೂಬು ರಕ್ತ ಅವನಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನು ಹೇಳಿಬಿಡುತ್ತದೆ. ವೀಳ್ಯ ಹಿಡಿಯುವ ಮೊದಲು ಆಗಬೇಕಾದ ಪರೀಕ್ಷೆ ಅದು.